ಮುಂದಿನ ಕಥೆಯೋ, ಹಿಂದಿನ ಕಥೆಯೋ?

ಕಾಡಿನೊಳಗೆ ಓಡಿ ಮಾಯವಾದ ಶಿವ ಎಲ್ಲಿಗೆ ಹೋದ? 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ಚಿತ್ರಮಂದಿರದಿಂದ ಹೊರಬಂದವರು ಒಬ್ಬರನ್ನೊಬ್ಬರು ಕೇಳಿಕೊಂಡ ಪ್ರಶ್ನೆ ಇದು. ಎರಡನೆಯ ಚಿತ್ರ ಬಂದರೆ ಉತ್ತರ ಸಿಕ್ಕೀತು ಎಂದು ಬಹುಮಂದಿ ಕಾದಿದ್ದರು. ಆದರೆ 2023ರ ಫೆಬ್ರವರಿಯಲ್ಲಿ ನಡೆದ ನೂರು ದಿನಗಳ ಸಮಾರಂಭದಲ್ಲಿ ನಿರ್ದೇಶಕರೂ ನಾಯಕರೂ ಆದ ರಿಷಬ್ ಶೆಟ್ಟಿ ಬೇರೆಯೇ ಮಾತು ಹೇಳಿದರು. ಜನ ನೋಡಿದ್ದು ಎರಡನೆಯ ಭಾಗ, ಮೊದಲನೆಯದು ಬರುವುದು ಇನ್ನು ಮುಂದೆ ಎಂದರು.

ಅಲ್ಲಿಂದ ಊಹಾಪೋಹಕ್ಕೆ ರೆಕ್ಕೆಪುಕ್ಕ ಬಂತು. ಬರಲಿರುವುದು ಶಿವನ ಅಪ್ಪನ ಕಥೆಯೇ? 1847ರಲ್ಲಿ ದೈವದ ಕಲ್ಲಿಗೆ ಬದಲಾಗಿ ಕಾಡಂಚಿನ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟ ಅರಸನ ಕಥೆಯೇ? ಅಥವಾ ಅದಕ್ಕೂ ಹಿಂದಿನದೇ? 2023ರ ನವೆಂಬರ್ 27ರಂದು ಹೊಸ ಚಿತ್ರದ ಮೊದಲ ನೋಟ ಹೊರಬಂದಾಗ ಅಭಿಮಾನಿಗಳು ಅದರ ಒಂದೊಂದು ದೃಶ್ಯವನ್ನೂ ತಡೆದು ನಿಲ್ಲಿಸಿ ನೋಡಿದರು. ನಾಯಕನ ಕೈಯ ತ್ರಿಶೂಲವೇನು, ಕೊಡಲಿಯೇನು, ಎಲ್ಲಕ್ಕೂ ಅರ್ಥ ಹಚ್ಚಿದರು. 2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ತೆರೆಗೆ ಬಂದಾಗ ಕಥೆ ಹಿಂದಕ್ಕೆ, ಕದಂಬರ ಕಾಲದವರೆಗೆ ಹೋಗಿತ್ತು.

ಒಂದು ಚಿತ್ರ ‘ಮುಂದಿನದೋ, ಹಿಂದಿನದೋ’ ಎಂಬುದಕ್ಕೆ ಜನ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ?

ಪದ ಹುಟ್ಟಿದ್ದು ಎಲ್ಲಿ?

ಮುಂದುವರಿದ ಕಥೆಗೆ ಇಂಗ್ಲಿಷಿನಲ್ಲಿ ‘ಸೀಕ್ವೆಲ್’ ಎನ್ನುತ್ತಾರೆ. ಮೊದಲು ಬಂದ ಕೃತಿಗಿಂತ ಹಿಂದೆ ನಡೆದದ್ದನ್ನು ಆಮೇಲೆ ಹೇಳಿದರೆ ಅದು ‘ಪ್ರೀಕ್ವೆಲ್’. ನಾವು ಅದನ್ನು ಪೂರ್ವಕಥೆ ಎನ್ನಬಹುದು. ಈ ಪದ ವಿಜ್ಞಾನ ಕಥೆಗಳ ಲೋಕದ ಕೂಸು. ಅಮೆರಿಕದ ವಿಮರ್ಶಕ ಆಂಥನಿ ಬೌಚರ್ 1958ರಲ್ಲಿ ಜೇಮ್ಸ್ ಬ್ಲಿಷ್ ಅವರ ಒಂದು ಕಾದಂಬರಿಯ ಬಗ್ಗೆ ಬರೆಯುವಾಗ ಇದನ್ನು ಬಳಸಿದ್ದರು. ಬ್ಲಿಷ್ 1955ರಲ್ಲಿ ಒಂದು ಕಾದಂಬರಿ ಪ್ರಕಟಿಸಿ, ಅದಕ್ಕಿಂತ ಬಹಳ ಹಿಂದೆ ನಡೆಯುವ ಕಥೆಯನ್ನು ಮರುವರ್ಷ ಹೊರತಂದಿದ್ದರು.

ವಿಜ್ಞಾನ ಕಥಾಚಿತ್ರಗಳಲ್ಲಿ ಈ ಪದಕ್ಕೆ ಮನೆಮಾತಿನ ಸ್ಥಾನ ಬಂತು. ‘ಸ್ಟಾರ್ ವಾರ್ಸ್’ 1977ರಲ್ಲಿ ಬಂದಾಗ ಅದಕ್ಕೆ ಭಾಗದ ಸಂಖ್ಯೆಯೇ ಇರಲಿಲ್ಲ. 1981ರಲ್ಲಿ ಮತ್ತೆ ತೆರೆಗೆ ಬಂದಾಗ ಅದು ‘ನಾಲ್ಕನೆಯ ಕಂತು’ ಆಗಿತ್ತು! ಹಾಗಾದರೆ ಮೊದಲ ಮೂರು ಎಲ್ಲಿ ಎಂದು ಕೇಳಿದವರು ಮೊದಲನೆಯದನ್ನು ನೋಡಲು 1999ರವರೆಗೆ ಕಾಯಬೇಕಾಯಿತು. ನೀವು ನೋಡಿದ್ದು ಎರಡನೆಯ ಭಾಗ ಎಂಬ ರಿಷಬ್ ಶೆಟ್ಟರ ಮಾತಿಗೆ ಇದೇ ಹಿರಿಯಣ್ಣ.

ಊಹೆಯ ಆಟ ಇನ್ನೂ ಸ್ವಾರಸ್ಯವಾಗಿ ನಡೆದದ್ದು ರಿಡ್ಲಿ ಸ್ಕಾಟ್ ನಿರ್ದೇಶನದ ‘ಪ್ರೊಮೀಥಿಯಸ್’ ಚಿತ್ರದ ವಿಷಯದಲ್ಲಿ. ಅವರ 1979ರ ‘ಏಲಿಯನ್’ ಚಿತ್ರದಲ್ಲಿ ಗಗನಯಾತ್ರಿಗಳಿಗೆ ಒಂದು ಪಾಳುಬಿದ್ದ ನೌಕೆ ಕಾಣಿಸುತ್ತದೆ. ಒಳಗೆ ಬೃಹತ್ ಆಸನದಲ್ಲಿ ಎಂದೋ ಸತ್ತ ಒಂದು ದೈತ್ಯ ಜೀವಿ. ಅದು ಯಾರು, ಎಲ್ಲಿಂದ ಬಂತು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ಹೊಸ ಚಿತ್ರದ ಯೋಜನೆ ಪೂರ್ವಕಥೆಯಾಗಿಯೇ ಶುರುವಾಗಿದ್ದರೂ 2011ರ ಹೊತ್ತಿಗೆ ತಯಾರಕರು ಇದು ಸ್ವತಂತ್ರ ಕಥೆ, ‘ಏಲಿಯನ್’ನ ಅಂಶ ಒಂದಿಷ್ಟು ಇದ್ದೀತು ಎನ್ನತೊಡಗಿದರು. ಅಭಿಮಾನಿಗಳು ಬಿಡಬೇಕಲ್ಲ! ಜಾಹೀರಾತಿನ ತುಣುಕುಗಳಲ್ಲಿ ಲಾಳದ ಆಕಾರದ ಅದೇ ಬಗೆಯ ನೌಕೆ ಇದ್ದುದನ್ನು ಗುರುತಿಸಿದರು. 2012ರಲ್ಲಿ ಚಿತ್ರ ಬಂದಾಗ ಅವರ ಊಹೆ ಮುಕ್ಕಾಲು ಪಾಲು ನಿಜವಾಗಿತ್ತು. ಆ ದೈತ್ಯರ ಕುಲದ ಕಥೆಯೇ ಅದು. ಆದರೆ ಗ್ರಹ ಬೇರೆ, ನೌಕೆಯೂ ಬೇರೆ.

ತಪ್ಪಿದ ಲೆಕ್ಕ

ಎಲ್ಲ ಊಹೆಯೂ ಹೀಗೆ ಫಲಿಸುವುದಿಲ್ಲ. ಕೆಜಿಎಫ್ ಚಿತ್ರಗಳ ನಿರ್ದೇಶಕ ಪ್ರಶಾಂತ್ ನೀಲ್ ಅವರ ತೆಲುಗು ಚಿತ್ರ ‘ಸಲಾರ್’ನ ತುಣುಕು 2023ರ ಜುಲೈ 6ರಂದು ಬೆಳಗಿನ ಜಾವ 5.12ಕ್ಕೆ ಬಿಡುಗಡೆಯಾಯಿತು. ಇಂಥ ವಿಚಿತ್ರ ಹೊತ್ತೇಕೆ ಎಂದು ಯೋಚಿಸಿದ ಅಭಿಮಾನಿಗಳು ‘ಕೆಜಿಎಫ್ 2’ರ ಕೊನೆಯಲ್ಲಿ ರಾಕಿ ಹಡಗಿನೊಂದಿಗೆ ಮುಳುಗುವ ಹೊತ್ತಿಗೆ ಅದನ್ನು ತಾಳೆ ಹಾಕಿದರು. ಎರಡೂ ಒಂದೇ ಲೋಕದ ಕಥೆಗಳು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಡಿಸೆಂಬರ್ 22ರಂದು ಚಿತ್ರ ಬಂದಾಗ ಅಲ್ಲಿ ರಾಕಿಯೂ ಇರಲಿಲ್ಲ, ಕೋಲಾರವೂ ಇರಲಿಲ್ಲ. ‘ಸಲಾರ್’ಗೆ ನಂಟು ಇದ್ದದ್ದು ಇದೇ ನಿರ್ದೇಶಕರ ಮೊದಲ ಕನ್ನಡ ಚಿತ್ರ, 2014ರ ‘ಉಗ್ರಂ’ ಜೊತೆ. ಅದು ಪೂರ್ವಕಥೆಯ ನಂಟಲ್ಲ. ಅದೇ ಕಥಾಬೀಜವನ್ನು ದೊಡ್ಡದಾಗಿ ಮತ್ತೆ ಬೆಳೆಸಿದ್ದು.

ನಮ್ಮಲ್ಲಿ ಇದು ಹೊಸತೇ?

ಪದ ಹೊಸದಿರಬಹುದು, ಪದ್ಧತಿ ಹಳೆಯದು. ವಾಲ್ಮೀಕಿ ರಾಮಾಯಣದ ಕೊನೆಯ ಕಾಂಡಕ್ಕೆ ‘ಉತ್ತರ’ಕಾಂಡ ಎಂದೇ ಹೆಸರು. ಅದರ ಮೊದಲ ಭಾಗದಲ್ಲಿ ಅಗಸ್ತ್ಯರು ರಾಮನಿಗೆ ಹೇಳುವುದು ಮಾತ್ರ ರಾವಣನ ಹುಟ್ಟು, ತಪಸ್ಸು, ದಿಗ್ವಿಜಯಗಳ ಕಥೆ. ರಾವಣ ಸತ್ತ ಮೇಲೆ ಅವನ ಪೂರ್ವಕಥೆ! ಕನ್ನಡದ ಆದಿಕವಿ ಪಂಪ 941ರ ಸುಮಾರಿಗೆ ಬರೆದ ‘ಆದಿಪುರಾಣ’ದಲ್ಲಿ ಪ್ರಥಮ ತೀರ್ಥಂಕರನ ಜನನಕ್ಕೆ ಬರುವ ಮೊದಲು ಅವನ ಹಿಂದಿನ ಜನ್ಮಗಳನ್ನು ದಾಟಿ ಬರಬೇಕು. ತುಳುನಾಡಿನ ಭೂತಕೋಲದಲ್ಲಿ ದೈವದ ಹುಟ್ಟು, ಪಯಣಗಳನ್ನು ಹೇಳುವ ಪಾಡ್ದನವೂ ಪೂರ್ವಕಥೆಯೇ. ದೈವ ನುಡಿ ಕೊಡುವ ಮೊದಲು ಅದು ಯಾರು, ಎಲ್ಲಿಂದ ಬಂತು ಎಂಬುದು ಊರಿಗೆ ಗೊತ್ತಿರಬೇಕು.

ಮುಂದಿನ ಕಥೆ ‘ಆಮೇಲೆ ಏನಾಯಿತು?’ ಎಂಬ ಕುತೂಹಲವನ್ನು ತಣಿಸುತ್ತದೆ. ಪೂರ್ವಕಥೆಯ ಕೊನೆ ನಮಗೆ ಮೊದಲೇ ಗೊತ್ತು. ಯಕ್ಷಗಾನದಲ್ಲಿ ಕೀಚಕ ಸಾಯುವುದು ಗೊತ್ತಿದ್ದೂ ಬೆಳಗಿನವರೆಗೆ ಕೂರುವ ಪ್ರೇಕ್ಷಕರಂತೆ, ನಾವು ಅಲ್ಲಿ ಹುಡುಕುವುದು ‘ಹೀಗೇಕಾಯಿತು?’ ಎಂಬುದನ್ನು. ‘ಏಕೆ’ ಎಂದು ಕೇಳಿದೊಡನೆ ‘ಇದು ಯಾರದು, ಮೊದಲು ಇಲ್ಲಿದ್ದವರು ಯಾರು’ ಎಂಬ ಪ್ರಶ್ನೆಗಳು ಹಿಂಬಾಲಿಸುತ್ತವೆ. ‘ಕಾಂತಾರ’ದಲ್ಲಿ ಅರಸು ಮನೆತನದವರು, ಊರವರು, ಅರಣ್ಯ ಇಲಾಖೆಯವರು ಕಾದಾಡುವುದು ಇದಕ್ಕಾಗಿಯೇ ತಾನೆ?

ಅಣಶಿಯಲ್ಲಿ ನಿಂತು ನೋಡಿದರೆ

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಅಣಶಿಯಂಥ ಊರಿನಲ್ಲಿ ಇದು ಬರೀ ಸಿನಿಮಾದ ಮಾತಾಗಿ ಉಳಿಯುವುದಿಲ್ಲ. ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಈ ಕಾಡಿನ ನಡುವೆ ಗದ್ದೆ ಮಾಡಿಕೊಂಡು, ಗೆಡ್ಡೆಗೆಣಸು ಬೆಳೆದುಕೊಂಡು ಬಂದ ಕುಣಬಿಗಳಂಥ ಸಮುದಾಯಗಳಿವೆ.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಭೂಮಿಯ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಹಾಗೆಂದರೆ ಸರಿಸುಮಾರು 1930ರಷ್ಟು ಹಿಂದಕ್ಕೆ ಹೋಗಬೇಕು. ಓದುಬರಹ ಇಲ್ಲದಿದ್ದ ಅಜ್ಜಂದಿರ ಕಾಲದ ಕಾಗದಪತ್ರ ಎಲ್ಲಿಂದ ತರುವುದು? ಅದಕ್ಕೇ ಈ ಕಾಯ್ದೆಯ ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನೂ ಒಂದು ಸಾಕ್ಷ್ಯವಾಗಿ ಪರಿಗಣಿಸಬಹುದು ಎನ್ನುತ್ತವೆ. ಅಜ್ಜ ಹೇಳಿದ ಹಿಂದಿನ ಕಥೆಗೆ ಇಲ್ಲಿ ಒಂದು ಮನೆ, ಒಂದು ತುಂಡು ಗದ್ದೆಯ ಬೆಲೆ ಇದೆ.

ಹಾಗೆಂದು ಸಿನಿಮಾವನ್ನೇ ಸಾಕ್ಷ್ಯ ಎಂದುಕೊಳ್ಳಬಾರದು. ಕದಂಬರ ರಾಜಧಾನಿ ಬನವಾಸಿ ಇದೇ ಜಿಲ್ಲೆಯಲ್ಲಿದೆ. ಮಯೂರಶರ್ಮ ನಾಲ್ಕನೆಯ ಶತಮಾನದಲ್ಲಿ ರಾಜ್ಯ ಕಟ್ಟಿದ ಸಂಗತಿಯನ್ನು ತಾಳಗುಂದದ ಶಾಸನ ಹೇಳುತ್ತದೆ. ‘ಅಧ್ಯಾಯ 1’ರಲ್ಲಿ ಕಾಣುವ ಬಾಂಗ್ರ ರಾಜ್ಯವಾದರೋ ಕಥೆಗಾರರ ಕಲ್ಪನೆ. ಪೂರ್ವಕಥೆಯನ್ನು ಆಮೇಲೆ ಹೆಣೆಯುವವರಿಗೆ ಬೇಕಾದ್ದನ್ನು ಸೇರಿಸುವ ಸ್ವಾತಂತ್ರ್ಯ ಇರುತ್ತದೆ. ಇತಿಹಾಸ ಬರೆಯುವವರಿಗೂ ಹಕ್ಕಿಗೆ ಅರ್ಜಿ ಹಾಕುವವರಿಗೂ ಅದು ಇಲ್ಲ.

ಹೊಸ ಚಿತ್ರದ ತುಣುಕು ನೋಡಿ, ಇದು ಹಿಂದಿನ ಕಥೆಯೇ ಎಂದು ಹುಡುಗರು ಚಹಾದಂಗಡಿಯಲ್ಲಿ ವಾದಕ್ಕಿಳಿದರೆ ಹಿರಿಯರು ಕೆಲಸವಿಲ್ಲದವರು ಎಂದು ಬೈಯುವುದುಂಟು. ಬೈಯುವ ಬದಲು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ತಮ್ಮೂರಿನ ಹಿಂದಿನ ಕಥೆ ಹೇಳಬಹುದು. ಶಿವ ಎಲ್ಲಿಗೆ ಹೋದ ಎಂಬುದನ್ನು ಇನ್ನೊಂದು ಸಿನಿಮಾ ಹೇಳೀತು. ತಮ್ಮ ಅಜ್ಜ ಎಲ್ಲಿಂದ ಬಂದ ಎಂಬುದನ್ನು ಹೇಳುವವರು ಈ ಹಿರಿಯರೇ.