‘ಗಿವ್ ಅಪ್’ ಎಂಬ ನುಡಿಗಟ್ಟು

ಇಂಗ್ಲಿಷಿನಲ್ಲಿ ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಇವೆರಡೂ ಕೂಡಿದಾಗ ‘ಮೇಲೆ ಕೊಡು’ ಎಂಬ ಅರ್ಥ ಹೊರಡದು. ‘ಬಿಡು’ ಎಂಬ ಹೊಸ ಅರ್ಥ ಹುಟ್ಟುತ್ತದೆ. ಕನ್ನಡದ ‘ಕೈಕೊಡು’ ಎಂಬ ಮಾತಿಗೆ ವಂಚಿಸು ಎಂಬ ಅರ್ಥ ಬಂದಿರುವುದೂ ಹೀಗೆಯೇ.

ಬಿಡುವ ವಸ್ತುವಿಗೆ ತಕ್ಕಂತೆ ಕನ್ನಡದ ಮಾತು ಬದಲಾಗುತ್ತದೆ. ಬಸ್ಸಿನಲ್ಲಿ ವೃದ್ಧರಿಗಾಗಿ ಆಸನವನ್ನು ‘ಗಿವ್ ಅಪ್’ ಮಾಡುವುದೆಂದರೆ ಬಿಟ್ಟುಕೊಡುವುದು, ಧೂಮಪಾನವನ್ನಾದರೆ ತೊರೆಯುವುದು. 1936ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಎಡ್ವರ್ಡ್ ಸಿಂಹಾಸನವನ್ನು ‘ಗೇವ್ ಅಪ್’ ಮಾಡಿದನೆಂದರೆ ತ್ಯಜಿಸಿದನೆಂದರ್ಥ. ಕರ್ಮಪದವಿಲ್ಲದೆ ‘ಐ ಗಿವ್ ಅಪ್’ ಎಂದಷ್ಟೇ ನುಡಿದರೆ ಸೋಲೊಪ್ಪಿ ಕೈಚೆಲ್ಲಿದಂತೆ.

ಬಳಕೆಯಲ್ಲಿ ಎರಡು ನಿಯಮಗಳನ್ನು ನೆನಪಿನಲ್ಲಿಡಬೇಕು. ಸರ್ವನಾಮವು ನಡುವೆ ಬರತಕ್ಕದ್ದು: ‘ಗಿವ್ ಇಟ್ ಅಪ್’ ಸರಿ, ‘ಗಿವ್ ಅಪ್ ಇಟ್’ ತಪ್ಪು. ಮುಂದೆ ಕ್ರಿಯೆ ಬಂದರೆ ‘ಗಿವ್ ಅಪ್ ಸ್ಮೋಕಿಂಗ್’ ಎನ್ನಬೇಕು. ‘ಗಿವ್ ಅಪ್ ಟು ಸ್ಮೋಕ್’ ಎಂಬುದು ಸಲ್ಲದು.

ಹೀಗೆ ಒಂದೇ ನುಡಿ ತ್ಯಾಗವನ್ನೂ ಅಧೈರ್ಯವನ್ನೂ ಸೂಚಿಸುತ್ತದೆ. ದುಶ್ಚಟವನ್ನು ಬಿಟ್ಟವನು ಗೆದ್ದವನು. ಪ್ರಯತ್ನವನ್ನು ಬಿಟ್ಟವನು ಸೋತವನು. ಬಿಡತಕ್ಕದ್ದು ಯಾವುದು, ಬಿಡಬಾರದ್ದು ಯಾವುದು ಎಂಬ ವಿವೇಕವನ್ನು ವಿದ್ಯಾರ್ಥಿಯು ಭಾಷೆಯೊಡನೆಯೇ ಕಲಿಯಬೇಕು.