ಪೋಲೆಂಡಿನ ಪಾನೀಯನಾಮಗಳ ಉಚ್ಚಾರಣೆ: ಒಂದು ಚಾರಿತ್ರಿಕ ವಿವೇಚನೆ

ಯೂರೋಪಿನ ಇತಿಹಾಸವನ್ನು ಇಂಗ್ಲಿಷ್ ಗ್ರಂಥಗಳ ಮೂಲಕ ವ್ಯಾಸಂಗ ಮಾಡುವ ನಮ್ಮವರಿಗೆ ಪೋಲಿಷ್ ಹೆಸರುಗಳು ತೊಡಕಾಗಿ ಪರಿಣಮಿಸುವುದುಂಟು. ಲಿಪಿ ರೋಮನ್ ಆದುದರಿಂದ ಪರಿಚಿತವೆಂದು ತೋರುತ್ತದೆ. ಆದರೆ ಅಕ್ಷರಗಳನ್ನು ಇಂಗ್ಲಿಷಿನಂತೆ ಓದಿದೊಡನೆ ಹೆಸರು ಕೆಡುತ್ತದೆ. ಈ ಲೇಖನದಲ್ಲಿ ನಾವು ಕೆಲವು ಪಾನೀಯಗಳ ಹೆಸರುಗಳನ್ನು ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ಅವುಗಳ ಸೇವನೆಯ ಗುಣದೋಷಗಳು ಇಲ್ಲಿಯ ವಿಷಯವಲ್ಲ. ಪೋಲಿಷ್ ಬರವಣಿಗೆಯ ಮುಖ್ಯ ನಿಯಮಗಳು ಈ ಚಿಕ್ಕ ಪದಗಳಲ್ಲಿ ಅಡಕವಾಗಿವೆ. ಮೇಲಾಗಿ, ಸರಿಯಾಗಿ ನುಡಿದು ನೋಡಿದರೆ ಇವುಗಳಲ್ಲಿ ಕೆಲವು ನಮಗೆ ತೀರ ಅಪರಿಚಿತವಲ್ಲವೆಂಬುದು ವ್ಯಕ್ತವಾಗುತ್ತದೆ.

966ರಲ್ಲಿ ದೊರೆ ಮ್ಯೆಷ್ಕೊ ರೋಮಿನ ಕ್ರೈಸ್ತಮತವನ್ನು ಸ್ವೀಕರಿಸಿದುದರ ಫಲವಾಗಿ ಪೋಲೆಂಡಿನಲ್ಲಿ ಲ್ಯಾಟಿನ್ ಲಿಪಿ ನೆಲೆಸಿತು. ಸ್ಲಾವ್ ನುಡಿಯ ಎಲ್ಲ ಧ್ವನಿಗಳಿಗೂ ಆ ಲಿಪಿಯಲ್ಲಿ ಅಕ್ಷರಗಳಿರಲಿಲ್ಲ. ಈ ಕೊರತೆಯನ್ನು ನೀಗಲು ಸುಮಾರು 1440ರಲ್ಲಿ ಕ್ರಾಕುಫ್ ವಿಶ್ವವಿದ್ಯಾನಿಲಯದ ಯಾಕುಬ್ ಪಾರ್ಕೊಷ್ ಎಂಬ ವಿದ್ವಾಂಸನು ಲಿಪಿವ್ಯವಸ್ಥೆಯನ್ನು ಕುರಿತು ಗ್ರಂಥವೊಂದನ್ನು ರಚಿಸಿದನು. ಹದಿನಾರನೆಯ ಶತಮಾನದಲ್ಲಿ ಮುದ್ರಣವು ಹಬ್ಬಿದ ಮೇಲೆ ಚುಕ್ಕಿ, ಓರೆಗೆರೆ, ಬಾಲ, ಜೋಡಕ್ಷರ ಮೊದಲಾದುವು ಕ್ರಮೇಣ ಸ್ಥಿರಗೊಂಡುವು. ಆದುದರಿಂದ ಈ ಗುರುತುಗಳು ಅಲಂಕಾರಗಳಲ್ಲ. ನಮ್ಮ ಒತ್ತು ದೀರ್ಘಗಳಂತೆ ಬರಹದ ಅವಶ್ಯಾಂಗಗಳು.

ಮೊದಲಿಗೆ ಸರ್ವವಿದಿತವಾದ ‘ವೋಡ್ಕ’ವನ್ನೇ ತೆಗೆದುಕೊಳ್ಳೋಣ. ಈ ರೂಪ ನಮಗೆ ಇಂಗ್ಲಿಷಿನಿಂದ ಬಂದುದು. ಪೋಲಿಷಿನಲ್ಲಿ ಡಬ್ಲ್ಯು ಅಕ್ಷರಕ್ಕೆ ವಕಾರದ ಧ್ವನಿ. ಓರೆಗೆರೆಯುಳ್ಳ ಓಕಾರವು ಹಿಂದೆ ದೀರ್ಘವಾಗಿದ್ದು, ಈಗ ಉಕಾರವಾಗಿದೆ. ದಕಾರವು ಕಕಾರದ ಮುಂದೆ ತಕಾರವಾಗುತ್ತದೆ. ಹೀಗೆ ಉಚ್ಚಾರಣೆ ‘ವುತ್ಕ’. ಉದ್ ಮತ್ತು ಕರ್ಷ ಸೇರಿ ಉತ್ಕರ್ಷವಾಗುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಬರಹದಲ್ಲಿ ಮಾತ್ರ ದಕಾರವು ಉಳಿದಿದೆ; ಏಕೆಂದರೆ ಮೂಲಪದ ‘ವೊದ’, ಎಂದರೆ ನೀರು. ಅಲ್ಪಾರ್ಥದ ಪ್ರತ್ಯಯ ಸೇರಿ ‘ಚಿಕ್ಕ ನೀರು’ ಎಂದಾಗಿದೆ. ನಮ್ಮ ‘ಉದಕ’ವೂ ಈ ‘ವೊದ’ವೂ ಒಂದೇ ಇಂಡೋ-ಯೂರೋಪಿಯನ್ ಮೂಲದಿಂದ ಹುಟ್ಟಿದುವು.

ಪದದ ಕೊನೆಯಲ್ಲಿಯೂ ಘೋಷಾಕ್ಷರವು ಅಘೋಷವಾಗುವುದರಿಂದಲೇ ಮೇಲೆ ಹೇಳಿದ ನಗರ ಕ್ರಾಕೋವ್ ಆಗದೆ ‘ಕ್ರಾಕುಫ್’ ಆಗಿದೆ. ಇದೇ ಕ್ರಮದಲ್ಲಿ ಹುಲ್ಲಿನ ಪರಿಮಳವುಳ್ಳ ಪ್ರಸಿದ್ಧ ಪೇಯದ ಹೆಸರು ‘ಝುಬ್ರುಫ್ಕ’. ಚುಕ್ಕಿಯುಳ್ಳ ಜ಼ೆಡ್ ಅಕ್ಷರದ ಧ್ವನಿ ಷಕಾರದ ಘೋಷರೂಪ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದುದರಿಂದ ಝಕಾರದಿಂದ ಸೂಚಿಸಿದ್ದೇವೆ. ‘ಝುಬ್ರ್’ ಎಂದರೆ ಯೂರೋಪಿನ ಬೈಸನ್, ನಮ್ಮ ಕಾಡುಕೋಣದ ದೂರದ ಸಂಬಂಧಿ. ಬ್ಯಾವೊವ್ಯೆಝ ಅರಣ್ಯದಲ್ಲಿ 1919ರಲ್ಲಿ ನಿರ್ನಾಮವಾದ ಈ ಮೃಗವನ್ನು 1929ರಿಂದ ಮತ್ತೆ ತಂದು ಬೆಳೆಸಲಾಯಿತು. ಒಂದು ಚುಕ್ಕಿಯನ್ನು ಬಿಟ್ಟು ‘ಜ಼ುಬ್ರೋಕ’ ಎಂದೋದಿದರೆ ಈ ಮೃಗವೇ ಹೆಸರಿನಿಂದ ಮರೆಯಾಗುತ್ತದೆ.

ರೋವನ್ ಮರದ ಹಣ್ಣಿನಿಂದಾದ ಪೇಯ ‘ಯಝೆಂಬ್ಯಾಕ್’. ಇಲ್ಲಿ ಝಕಾರವನ್ನು ಆರ್ ಮತ್ತು ಜ಼ೆಡ್ ಜೋಡಿಯಿಂದ ಬರೆಯುತ್ತಾರೆ. ಧ್ವನಿ ಒಂದೇ ಆದರೂ ಬರಹ ಬೇರೆಯಾಗಿರುವುದು ನಿಷ್ಕಾರಣವಲ್ಲ; ಈ ಜೋಡಿಯು ಹಿಂದೆ ಮೃದುವಾದ ರೇಫವಾಗಿದ್ದಿತು. ಬಾಲವುಳ್ಳ ಎ, ಇ ಅಕ್ಷರಗಳಂತೂ ನಮ್ಮ ಸೊನ್ನೆಯನ್ನು ನೆನಪಿಗೆ ತರುತ್ತವೆ. ‘ಕಂಬ’ದಲ್ಲಿ ಮಕಾರವೂ ‘ಸಂತೆ’ಯಲ್ಲಿ ನಕಾರವೂ ಆಗುವ ಸೊನ್ನೆಯಂತೆ, ಇವುಗಳ ಅನುನಾಸಿಕವೂ ಮುಂದಿನ ವ್ಯಂಜನವನ್ನು ಅನುಸರಿಸುತ್ತದೆ. ದಕ್ಷಿಣದ ವೊಂತ್ಸ್ಕೊ ಗ್ರಾಮದ ಪ್ಲಮ್ ಹಣ್ಣಿನ ಮದ್ಯ ‘ಶ್ಲಿವೊವಿತ್ಸ’; ಇದರಲ್ಲಿ ಸಿ ಅಕ್ಷರಕ್ಕೆ ತ್ಸ ಎಂಬ ಧ್ವನಿ, ಎಂದಿಗೂ ಕಕಾರವಲ್ಲ. ಓರೆಗೆರೆಯುಳ್ಳ ಎಸ್ ನಮ್ಮ ಶಕಾರಕ್ಕೂ, ಎಸ್ ಮತ್ತು ಜ಼ೆಡ್ ಜೋಡಿಯು ಷಕಾರಕ್ಕೂ ಸಮೀಪ. ಆದುದರಿಂದಲೇ ರಾಜಧಾನಿಯ ಹೆಸರು ‘ವರ್ಷಾವ’. ಇಂಗ್ಲಿಷ್ ಲಿಪಿ ತೋರಿಸಲಾರದ ಈ ಭೇದವನ್ನು ಕನ್ನಡ ಲಿಪಿ ಸುಲಭವಾಗಿ ತೋರಿಸಬಲ್ಲುದು. ಪದದ ಉಪಾಂತ್ಯಸ್ವರದ ಮೇಲೆ ಒತ್ತು ಬೀಳುವುದೆಂಬುದನ್ನು ನೆನಪಿಟ್ಟರೆ ಉಚ್ಚಾರಣೆ ಬಹುಮಟ್ಟಿಗೆ ಶುದ್ಧವಾಗುತ್ತದೆ.

ಜೇನಿನಿಂದ ತಯಾರಿಸುವ ಪ್ರಾಚೀನ ಪೇಯದ ಹೆಸರುಗಳು ಎಲ್ಲಕ್ಕಿಂತ ಸ್ವಾರಸ್ಯವಾದುವು. ಜೇನಿಗೆ ‘ಮ್ಯುತ್’ ಎನ್ನುತ್ತಾರೆ. ಬರಹದಲ್ಲಿ ಕಡೆಯ ದಕಾರವು ಉಳಿದಿರುವುದರಿಂದ ಅದು ‘ಮಧು’ವಿನ ಬಂಧುವೆಂಬುದು ಗೋಚರವಾಗುತ್ತದೆ. ಈ ಪೇಯದಲ್ಲಿ ನಾಲ್ಕು ಬಗೆ. ಒಂದು ಪಾಲು ಜೇನಿಗೆ ಅರ್ಧ ಪಾಲು ನೀರು ಬೆರೆಸಿದರೆ ‘ಪುವ್ತೊರಕ್’, ಒಂದು ಪಾಲು ನೀರಾದರೆ ‘ದ್ವುಯ್ನ್ಯಾಕ್’, ಎರಡಾದರೆ ‘ತ್ರುಯ್ನ್ಯಾಕ್’, ಮೂರಾದರೆ ‘ಚ್ಫುರ್ನ್ಯಾಕ್’. ಜೇನು ನೀರುಗಳ ಒಟ್ಟು ಪಾಲುಗಳನ್ನೇ ಹೆಸರು ಎಣಿಸುತ್ತದೆ: ಒಂದೂವರೆ, ಎರಡು, ಮೂರು, ನಾಲ್ಕು. ದ್ವಿ, ತ್ರಿ, ಚತುರ್ ಎಂಬ ನಮ್ಮ ಸಂಖ್ಯೆಗಳನ್ನು ಇಲ್ಲಿ ಯಾರೂ ಗುರುತಿಸಬಹುದು. ಮೊದಲನೆಯ ಹೆಸರಿನ ಅಡ್ಡಗೆರೆಯುಳ್ಳ ಎಲ್ ಈಗ ತುಟಿಗಳನ್ನು ದುಂಡಗೆ ಮಾಡಿ ನುಡಿಯುವ ವಕಾರವಾಗಿದೆ. ಈ ನಾಲ್ಕು ಹೆಸರುಗಳನ್ನು ಯೂರೋಪಿಯನ್ ಒಕ್ಕೂಟವು 2008ರಲ್ಲಿ ಸಾಂಪ್ರದಾಯಿಕ ಉತ್ಪನ್ನಗಳ ಪಟ್ಟಿಯಲ್ಲಿ ದಾಖಲಿಸಿತು.

ಇಷ್ಟು ಸೂಕ್ಷ್ಮತೆ ಅವಶ್ಯಕವೇ ಎಂದು ಕೆಲವರು ಕೇಳಬಹುದು. ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಹಂಚಿಕೊಂಡುದರಿಂದ 1795ರಿಂದ 1918ರವರೆಗೆ ಪೋಲೆಂಡ್ ಎಂಬ ಸ್ವತಂತ್ರರಾಜ್ಯವೇ ಇರಲಿಲ್ಲ. ಪ್ರಷ್ಯದ ಆಳ್ವಿಕೆಯಲ್ಲಿದ್ದ ವ್ಝೆಶ್ನ್ಯ ಪಟ್ಟಣದ ಶಾಲಾಮಕ್ಕಳು 1901ರಲ್ಲಿ ಮತಬೋಧೆಯ ಪಾಠಕ್ಕೆ ಜರ್ಮನ್ ಭಾಷೆಯಲ್ಲಿ ಉತ್ತರಿಸಲು ನಿರಾಕರಿಸಿ ಹೊಡೆತಗಳನ್ನು ತಿಂದರು. ರಾಜ್ಯವಿಲ್ಲದ ಕಾಲದಲ್ಲಿ ಆ ಜನಾಂಗವನ್ನು ಒಂದುಗೂಡಿಸಿದ ಶಕ್ತಿಗಳಲ್ಲಿ ಭಾಷೆ ಪ್ರಮುಖವಾದುದು. ಅಂಥ ಭಾಷೆಯ ಪದಗಳನ್ನು ಮೂರನೆಯದೊಂದು ಭಾಷೆಯ ಮಧ್ಯಸ್ಥಿಕೆಯಿಂದ ವಿರೂಪಗೊಳಿಸಿ ಬರೆಯುವುದು ಚರಿತ್ರೆಯ ವಿದ್ಯಾರ್ಥಿಗೆ ಉಚಿತವಲ್ಲ.

ಪೋಲಿಷ್ ಬರಹವು ಪದದ ಪೂರ್ವೇತಿಹಾಸವನ್ನೂ, ಉಚ್ಚಾರಣೆಯು ಅದರ ಇಂದಿನ ಜೀವವನ್ನೂ ತಿಳಿಸುತ್ತವೆ. ಶಾಸನವನ್ನು ಓದುವವನು ಹೇಗೆ ಒಂದು ಗೆರೆಯನ್ನೂ ಉಪೇಕ್ಷಿಸಲಾರನೋ ಹಾಗೆಯೇ ಈ ಹೆಸರುಗಳ ಚುಕ್ಕಿ ಗೆರೆಗಳನ್ನೂ ಉಪೇಕ್ಷಿಸಬಾರದೆಂಬುದೇ ನಮ್ಮ ವಿಜ್ಞಾಪನೆ.