ಮಂದ್ರದ ಮೋಹ: ನಾಲ್ಕು ತಂತಿಯೇ, ಆರು ತಂತಿಯೇ?

ಮನೆಯ ತಳಪಾಯವನ್ನು ಯಾರೂ ಹೊಗಳುವುದಿಲ್ಲ. ಬಾಗಿಲಿನ ಕೆತ್ತನೆಯನ್ನೂ ಗೋಡೆಯ ಬಣ್ಣವನ್ನೂ ಕೊಂಡಾಡುವ ಅತಿಥಿಗೆ ನೆಲದಡಿಯ ಕಲ್ಲಿನ ನೆನಪೇ ಬರುವುದಿಲ್ಲ. ಆ ಕಲ್ಲು ಒಂದಂಗುಲ ಜರುಗಿದರೆ ಮಾತ್ರ ಕೆತ್ತನೆಯೂ ಬಣ್ಣವೂ ಒಟ್ಟಿಗೆ ಬಿರುಕು ಬಿಡುತ್ತವೆ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಬೇಸ್ ಗಿಟಾರಿನ ಸ್ಥಾನ ಇಂಥದು. ಹಾಡುವವರ ಕಂಠಕ್ಕೆ ಚಪ್ಪಾಳೆ ದೊರೆಯುತ್ತದೆ. ಆ ಕಂಠದ ಕೆಳಗೆ ನಿಂತು ಸ್ವರವನ್ನೂ ಲಯವನ್ನೂ ಒಟ್ಟಿಗೆ ಹೊತ್ತ ಮಂದ್ರ ವಾದ್ಯವನ್ನು ಜನ ಗಮನಿಸುವುದು ಅದು ನಿಂತುಹೋದಾಗಲೇ.

ಇಂಥ ವಾದ್ಯವನ್ನು ಕೊಳ್ಳಲು ಅಂಗಡಿಯ ಮೆಟ್ಟಿಲು ಹತ್ತಿದವರ ಮುಂದೆ ಇಂದು ನಾಲ್ಕು ತಂತಿಯದು, ಐದು ತಂತಿಯದು, ಆರು ತಂತಿಯದು ಎಂದು ಸಾಲೇ ನಿಂತಿರುತ್ತದೆ. ತಂತಿ ಹೆಚ್ಚಿದಂತೆ ಸಾಮಾನ್ಯವಾಗಿ ಬೆಲೆಯೂ ಏರುತ್ತದೆ, ತೂಕವೂ ಏರುತ್ತದೆ. ತಂತಿ ಹೆಚ್ಚಾದರೆ ಸಂಗೀತವೂ ಹೆಚ್ಚುವುದೇ? ಈ ಪ್ರಶ್ನೆಗೆ ಅವಸರದಲ್ಲಿ ಉತ್ತರ ಹೇಳಿಕೊಂಡರೆ ನಷ್ಟವಾಗುವುದು ಮನೆಯ ಉಳಿತಾಯ ಮಾತ್ರವಲ್ಲ. ನುಡಿಸುವ ಮಗನ ಅಥವಾ ಮಗಳ ಬೆನ್ನು, ಮಣಿಕಟ್ಟು, ಕಿವಿಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಫುಲರ್ಟನ್ನಿನ ಹೊಸ ವಾದ್ಯ

1951ಕ್ಕೆ ಮುಂಚೆ ಅಮೆರಿಕದ ನೃತ್ಯಮೇಳಗಳಲ್ಲಿ ಮಂದ್ರ ಸ್ವರದ ಹೊಣೆಯನ್ನು ಹೊತ್ತಿದ್ದುದು ಮುಖ್ಯವಾಗಿ ಡಬಲ್ ಬೇಸ್. ಆಳೆತ್ತರದ ಆ ವಾದ್ಯವನ್ನು ಮೋಟಾರಿನಲ್ಲಿ ಸಾಗಿಸುವುದೇ ಒಂದು ಸಾಹಸ. ಸಾಗಿಸಿ ನುಡಿಸಿದರೂ ಡೋಲು ಕಹಳೆಗಳ ಆರ್ಭಟದಲ್ಲಿ ಅದರ ದನಿ ಅಡಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ನಡೆಸಿದ್ದ ಲಿಯೋ ಫೆಂಡರ್ ಈ ಎರಡು ಕಷ್ಟಗಳಿಗೂ ಒಂದೇ ಪರಿಹಾರ ಕಂಡುಕೊಂಡನು. ಗಟ್ಟಿ ಮರದ ಒಡಲು, ನಾಲ್ಕು ತಂತಿ, 34 ಅಂಗುಲದ ತಂತಿಯಳತೆ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಕಾಂತದ ಪಿಕಪ್ಪು. ವೀಣೆಗೆ ಇರುವಂತೆ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಅದಕ್ಕಾಗಿಯೇ ವಾದ್ಯಕ್ಕೆ ‘ಪ್ರಿಸಿಷನ್’ ಎಂದು ಹೆಸರಾಯಿತು. ಇದರ ಅತಿ ಕೆಳಗಿನ ತಂತಿ ‘ಇ’ ಸ್ವರದ್ದು. ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವುದು.

ನಾಲ್ಕು ತಂತಿಯಿಂದ ಏನೇನು ಸಾಧ್ಯ ಎಂಬುದಕ್ಕೆ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ ಸಾಕ್ಷಿ. 1960ರ ದಶಕದಲ್ಲಿ ಮೋಟೌನ್ ಸಂಸ್ಥೆಯ ಅಸಂಖ್ಯ ಜನಪ್ರಿಯ ಗೀತೆಗಳಿಗೆ ಬೇಸ್ ನುಡಿಸಿದ ಈತ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದನು. ಬೇಸ್ ವಾದಕರು ಇಂದಿಗೂ ಆ ನುಡಿಸಾಣಿಕೆಯನ್ನು ಪಾಠದಂತೆ ಕಲಿಯುತ್ತಾರೆ.

ಆರನೆಯ ತಂತಿಯ ಹಟ

ಜೇಮರ್ಸನ್ನನನ್ನು ಗುರುವಿನಂತೆ ಭಾವಿಸಿದವರಲ್ಲಿ ನ್ಯೂಯಾರ್ಕಿನ ಆಂಟನಿ ಜಾಕ್ಸನ್ ಒಬ್ಬನು. ಗುರುವಿನ ನಾಲ್ಕು ತಂತಿಯಿಂದ ಶಿಷ್ಯನಿಗೆ ತೃಪ್ತಿಯಾಗಲಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ. ಬೇಸ್ ಗಿಟಾರ್ ಗಿಟಾರಿನ ವಂಶಕ್ಕೆ ಸೇರಿದ್ದು. ಅದಕ್ಕೂ ಆರು ತಂತಿಗಳಿರುವುದೇ ನ್ಯಾಯ. ಡಬಲ್ ಬೇಸನ್ನು ಮಾದರಿಯಾಗಿ ಇಟ್ಟುಕೊಂಡದ್ದರಿಂದ ನಾಲ್ಕಕ್ಕೆ ನಿಂತಿತು, ಅಷ್ಟೆ – ಇದು ಅವನ ವಾದ.

ಆರು ತಂತಿಯ ಬೇಸ್ ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. ಫೆಂಡರ್ ಸಂಸ್ಥೆಯೇ 1961ರಲ್ಲಿ ಆರು ತಂತಿಯದೊಂದನ್ನೂ, 1965ರಲ್ಲಿ ಐದು ತಂತಿಯದೊಂದನ್ನೂ ಹೊರತಂದಿತ್ತು. ಇವೆರಡರಲ್ಲೂ ಹೊಸ ತಂತಿಗಳು ಸೇರಿದ್ದು ಮೇಲಿನ ದಿಕ್ಕಿನಲ್ಲಿ; ಕೆಳಗೆ ‘ಇ’ಯೇ ಕೊನೆಯಾಗಿತ್ತು. ಜಾಕ್ಸನ್ನನ ಬೇಡಿಕೆ ಬೇರೆ. ‘ಇ’ಗಿಂತ ಕೆಳಗೆ ಮಂದ್ರದ ‘ಬಿ’, ‘ಜಿ’ಗಿಂತ ಮೇಲೆ ತಾರದ ‘ಸಿ’, ಎರಡೂ ಬೇಕು. ಕಾರ್ಲ್ ಥಾಂಪ್ಸನ್ ಎಂಬ ಕುಶಲಕರ್ಮಿ 1975ರ ಸುಮಾರಿಗೆ ಅಂಥದೊಂದನ್ನು ಕಟ್ಟಿಕೊಟ್ಟನು. ಮೊದಲ ವಾದ್ಯದಿಂದ ಜಾಕ್ಸನ್ನನಿಗೆ ಪೂರ್ಣ ಸಮಾಧಾನವಾಗಲಿಲ್ಲ. ಬೇರೆ ಬೇರೆ ಕರ್ಮಿಗಳ ಕೈಯಲ್ಲಿ ಹಲವು ವಾದ್ಯಗಳನ್ನು ಮಾಡಿಸಿ, ಕಡೆಗೆ ಫೋಡೆರಾ ಕಾರ್ಯಾಗಾರದ 36 ಅಂಗುಲದ ವಾದ್ಯದಲ್ಲಿ ತನಗೆ ಬೇಕಾದ ದನಿಯನ್ನು ಕಂಡುಕೊಂಡನು. ಇದಕ್ಕೆ ಹಿಡಿದದ್ದು ಹತ್ತು ವರ್ಷಗಳಿಗೂ ಮೀರಿದ ಕಾಲ. ಸಿದ್ಧವಾಗಿ ತೂಗುಹಾಕಿದ ಆರು ತಂತಿಯ ವಾದ್ಯವನ್ನು ಇಂದು ಐದು ನಿಮಿಷದಲ್ಲಿ ಆರಿಸುವವರು ಈ ಹತ್ತು ವರ್ಷಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಉದ್ದದ ರಹಸ್ಯ

ಮಂದ್ರದ ‘ಬಿ’ ಸೆಕೆಂಡಿಗೆ ಸುಮಾರು 31 ಸಲ ಮಾತ್ರ ಕಂಪಿಸುತ್ತದೆ. ‘ಇ’ ತಂತಿಯನ್ನೇ ಸಡಿಲಿಸಿ ಈ ಸ್ವರಕ್ಕೆ ಇಳಿಸಿದರೆ ಅದು ಒಣಗಹಾಕಿದ ಬಟ್ಟೆಯ ಹಗ್ಗದಂತೆ ಜೋಲುತ್ತದೆ. ದಪ್ಪ ತಂತಿ ಹಾಕಿದರೆ ಬಿಗಿ ಬರುವುದು ನಿಜ. ಆದರೆ ದಪ್ಪ ಮಿತಿ ಮೀರಿದರೆ ತಂತಿ ಸರಳಿನಂತೆ ಪೆಡಸಾಗಿ ಸ್ವರ ಮಂಕಾಗುತ್ತದೆ. ಉಳಿದ ಹಾದಿ ಉದ್ದವನ್ನು ಹೆಚ್ಚಿಸುವುದು. ಅದೇ ತಂತಿಯನ್ನು ಅದೇ ಶ್ರುತಿಗೆ ಕೂಡಿಸಿ 34ರಿಂದ 35 ಅಂಗುಲಕ್ಕೆ ಒಯ್ದರೆ ಬಿಗಿ ಸುಮಾರು ನೂರಕ್ಕೆ 6ರಷ್ಟೂ, 37 ಅಂಗುಲಕ್ಕೆ ಒಯ್ದರೆ ಸುಮಾರು 18ರಷ್ಟೂ ಏರುತ್ತದೆ. ಆದರೆ ಉದ್ದ ಹೆಚ್ಚಿದಂತೆ ಮೆಟ್ಟಿಲುಗಳ ಅಂತರವೂ ಹೆಚ್ಚಿ ಎಡಗೈ ಬೆರಳುಗಳು ಬಳಲುತ್ತವೆ. ಕೆನಡಾದ ಡಿಂಗ್ವಾಲ್ ಸಂಸ್ಥೆಯಂಥವರು ಇದಕ್ಕೆ ಕಂಡ ಉಪಾಯ, ಮೆಟ್ಟಿಲುಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡುವುದು. ಆಗ ಮಂದ್ರದ ತಂತಿ ಉದ್ದವಾಗಿಯೂ ತಾರದ ತಂತಿ ಗಿಡ್ಡವಾಗಿಯೂ ಇರುತ್ತದೆ.

ಹಾಗೆಂದು ಉದ್ದವೊಂದನ್ನೇ ನೋಡಿ ಮರುಳಾಗಬಾರದು. ಕತ್ತಿನ ಮರ, ಜೋಡಣೆಯ ಬಿಗಿ, ತಂತಿಯ ಗುಣ ಇವೂ ಅಷ್ಟೇ ಮುಖ್ಯ. 34 ಅಂಗುಲದಲ್ಲೇ ಸೊಗಸಾದ ‘ಬಿ’ ನುಡಿಯುವ ವಾದ್ಯಗಳೂ ಇವೆ.

ಮರದ ಮಾತು ಬಂದಾಗ ಕನ್ನಡ ನಾಡಿಗೂ ಇಲ್ಲಿ ಒಂದು ನಂಟಿದೆ. ಅನೇಕ ವಾದ್ಯಗಳ ಬೆರಳುಹಲಗೆಗೆ ಬಳಸುವ ಭಾರತೀಯ ರೋಸ್‌ವುಡ್ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆ ಮರವೇ. ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಕಟ್ಟುನಿಟ್ಟು ಬಂದಾಗ ಗಿಟಾರ್ ತಯಾರಕರು ಕಂಗಾಲಾದರು. ಪೂರ್ಣಗೊಂಡ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರ ಕೊನೆಯಲ್ಲಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ವಾದ್ಯವನ್ನು ಯಂತ್ರಕ್ಕೆ ಸೇರಿಸುವ ಮುಂಚೆ ಬರಿಗೈಯಲ್ಲಿ ನುಡಿಸಿ ನೋಡಬೇಕು. ‘ಬಿ’ ತಂತಿಯ ಐದನೆಯ ಮೆಟ್ಟಿಲಲ್ಲಿ ಬರುವುದೂ, ಪಕ್ಕದ ‘ಇ’ ತಂತಿಯನ್ನು ಬಿಟ್ಟು ಮೀಟಿದಾಗ ಬರುವುದೂ ಒಂದೇ ಸ್ವರ. ಎರಡನ್ನೂ ಒಂದಾದ ಮೇಲೊಂದರಂತೆ ನುಡಿಸಿ ಕೇಳಿದರೆ ವಾದ್ಯದ ಗುಣ ಬಯಲಾಗುತ್ತದೆ. ಎರಡೂ ಒಂದೇ ಕುಟುಂಬದ ದನಿಯಂತಿದ್ದರೆ ವಾದ್ಯ ಒಳ್ಳೆಯದು. ಒಂದು ಮಾತನಾಡಿ ಇನ್ನೊಂದು ಗೊಣಗಿದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಆ ಬಳಿಕ ವಾದ್ಯವನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡು ಕಾಲು ಗಂಟೆಯಾದರೂ ನಿಲ್ಲಬೇಕು. ಕೈ ಬಿಟ್ಟೊಡನೆ ಕತ್ತು ನೆಲದತ್ತ ವಾಲಿದರೆ, ಎರಡು ಗಂಟೆಯ ಕಚೇರಿಯಲ್ಲಿ ಅದನ್ನು ಎತ್ತಿ ಹಿಡಿಯುವ ಕೂಲಿ ಎಡಗೈಯ ಪಾಲಾಗುತ್ತದೆ. ಕುದುರೆಯ ಬಳಿ ತಂತಿಗಳ ನಡುವಣ ಅಂತರ ನಾಲ್ಕು ತಂತಿಯ ವಾದ್ಯದಲ್ಲಿ ಸಾಮಾನ್ಯವಾಗಿ 19 ಮಿಲಿಮೀಟರ್; ಆರು ತಂತಿಯ ಹಲವು ವಾದ್ಯಗಳಲ್ಲಿ ಅದು 16ರ ಸಮೀಪಕ್ಕೆ ಇಳಿದಿರುತ್ತದೆ. ಅಗಲ ಕತ್ತು ಚಿಕ್ಕ ಅಂಗೈಗೆ ಒಗ್ಗುವುದೇ ಎಂಬುದನ್ನು ಅಂಗಡಿಯವನಲ್ಲ, ಆ ಅಂಗೈಯೇ ಹೇಳಬೇಕು.

ಇನ್ನೊಂದು ತೊಡಕು ಕೊಂಡ ಮೇಲೆ ತಿಳಿಯುವಂಥದು. ನುಡಿಸದ ತಂತಿಗಳು ಸುಮ್ಮನಿರುವುದಿಲ್ಲ. ನೆರೆಯ ತಂತಿಯ ಕಂಪನಕ್ಕೆ ತಾವೂ ಗುಂಯ್‌ಗುಡುತ್ತವೆ. ಸಿತಾರಿನ ತರಫಿನಲ್ಲಿ ಇಂಪಾದ ಈ ಗುಣ ಬೇಸಿನಲ್ಲಿ ಗೊಂದಲವಾಗುತ್ತದೆ. ಆರು ತಂತಿಯ ವಾದಕನು ಒಂದನ್ನು ಮೀಟುವಾಗ ಉಳಿದ ಐದನ್ನು ಅದುಮಿಡುವ ವಿದ್ಯೆಯನ್ನೂ ಕಲಿಯಬೇಕು.

ಮೂಗಿಗಿಂತ ಮೂಗುತಿ ಭಾರ

ಬೇಸ್ ಗಿಟಾರಿಗೆ ಅರ್ಧ ದನಿ ಕೊಡುವುದು ಧ್ವನಿವರ್ಧಕ. ಎವರೆಟ್ ಹಲ್ ಎಂಬ ಬೇಸ್ ವಾದಕನು ಡಬಲ್ ಬೇಸಿನ ಕಾಲಿನ ಗೂಟಕ್ಕೆ ಮೈಕನ್ನು ಜೋಡಿಸಿದ ಉಪಾಯದಿಂದಲೇ ‘ಆಂಪೆಗ್’ ಎಂಬ ಪ್ರಸಿದ್ಧ ಹೆಸರು ಹುಟ್ಟಿತು. ಆ ಸಂಸ್ಥೆ 1969ರಲ್ಲಿ ತಂದ ‘ಎಸ್.ವಿ.ಟಿ.’ ಯಂತ್ರ 300 ವಾಟ್ ಶಕ್ತಿಯದು. 10 ಅಂಗುಲದ ಎಂಟು ಸ್ಪೀಕರುಗಳ ಪೆಟ್ಟಿಗೆಯನ್ನು ಅದಕ್ಕೆ ಸೇರಿಸುತ್ತಿದ್ದರು. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಅಮೆರಿಕ ಪ್ರವಾಸಕ್ಕೆ ಒಯ್ದಿತು. ಅದರ ದನಿ ಸಿಂಹಘರ್ಜನೆ. ಹೊರುವುದಕ್ಕೆ ಮಾತ್ರ ಆಳುಗಳೇ ಬೇಕು. ಇಂದು ‘ಕ್ಲಾಸ್ ಡಿ’ ಎಂಬ ವಿನ್ಯಾಸದಿಂದ 500 ವಾಟಿನ ಯಂತ್ರವೂ ಎರಡು ಮೂರು ಕಿಲೋಗ್ರಾಮಿಗೆ ಇಳಿದು ಕೈಚೀಲದಲ್ಲಿ ಹಿಡಿಸುತ್ತದೆ.

ವಾಟಿನ ಅಂಕೆ ದೊಡ್ಡದಾದಷ್ಟೂ ದನಿ ದೊಡ್ಡದೆಂಬುದು ಅರ್ಧ ಸತ್ಯ. ಶಕ್ತಿಯನ್ನು 100ರಿಂದ 200 ವಾಟಿಗೆ ಏರಿಸಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ದನಿ ಇಮ್ಮಡಿಯೆನಿಸಬೇಕಾದರೆ ಶಕ್ತಿ ಸುಮಾರು ಹತ್ತು ಮಡಿಯಾಗಬೇಕು. ಆದುದರಿಂದ ಹಣವನ್ನು ವಾಟಿಗೆ ಸುರಿಯುವುದಕ್ಕಿಂತ ಒಳ್ಳೆಯ ಸ್ಪೀಕರ್ ಪೆಟ್ಟಿಗೆಗೆ ಕೊಡುವುದು ಜಾಣತನ. ಪೆಟ್ಟಿಗೆಯ ಹಿಂದೆ ಬರೆದ ‘ಓಮ್’ ಸಂಖ್ಯೆಯನ್ನೂ ನೋಡಬೇಕು. 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಸೇರಿಸಿದರೆ 4 ಓಮ್ ಆಗುತ್ತದೆ. ಯಂತ್ರದ ಕನಿಷ್ಠ ಮಿತಿ 4 ಆಗಿದ್ದರೆ ಮೂರನೆಯ ಪೆಟ್ಟಿಗೆಯನ್ನು ಸೇರಿಸುವುದು ಯಂತ್ರವನ್ನು ಸುಟ್ಟುಕೊಳ್ಳುವ ಹಾದಿ.

ಸೋಜಿಗದ ಸಂಗತಿಯೊಂದುಂಟು. ಎಷ್ಟೋ ಪೆಟ್ಟಿಗೆಗಳು 31ರ ಕಂಪನವನ್ನು ಬಲವಾಗಿ ಹೊರಡಿಸುವುದೇ ಇಲ್ಲ. ಅದರ ಇಮ್ಮಡಿಯಾದ 62, ಮುಮ್ಮಡಿಯಾದ 93ರ ಉಪಸ್ವರಗಳು ಸ್ಪಷ್ಟವಾಗಿದ್ದರೆ, ಕೇಳಿಸದ ಮೂಲಸ್ವರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ! ಆ ಸ್ವರದ ಒಂದು ಅಲೆಯ ಉದ್ದ ಸುಮಾರು 36 ಅಡಿ. ಮನೆಯ ಹಜಾರದಲ್ಲಿ ಅದು ಒಂದು ಮೂಲೆಯಲ್ಲಿ ಮೊಳಗಿ ಇನ್ನೊಂದೆಡೆ ಮಾಯವಾಗುವುದುಂಟು. ಗೋಡೆಯಾಚೆಯ ನೆರೆಯವರಿಗೆ ಮಾತ್ರ ತಪ್ಪದೆ ತಲಪುತ್ತದೆ. ಮನೆಯ ಅಭ್ಯಾಸಕ್ಕೆ ಹೆಡ್‌ಫೋನ್ ಸೇರಿಸಬಹುದಾದ ಪುಟ್ಟ ಯಂತ್ರವೇ ಸಾಕು. ಅದರಲ್ಲೂ ಮಿತಿ ಬೇಕು: 85 ಡೆಸಿಬೆಲ್ ದನಿಯನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗಬೇಕು ಎಂಬುದು ತಜ್ಞರ ಎಚ್ಚರಿಕೆ. ವಾದ್ಯ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು, ಕಿವಿಯನ್ನು ಕೊಳ್ಳಲಾಗದು.

ಹಾಗಾದರೆ ಆಯ್ಕೆ ಯಾವುದು? ಹೊಸದಾಗಿ ಕಲಿಯುವವರಿಗೆ ನಾಲ್ಕು ತಂತಿ ಧಾರಾಳ. ನುಡಿಸುವ ಹಾಡುಗಳು ‘ಇ’ಗಿಂತ ಕೆಳಗಿಳಿಯುತ್ತಿದ್ದರೆ ಐದು. ಮಂದ್ರದ ಜೊತೆಗೆ ತಾರದಲ್ಲಿಯೂ ರಾಗ ನುಡಿಸುವ, ಸ್ವರಗುಚ್ಛಗಳನ್ನು ಹೊಮ್ಮಿಸುವ ಹಂಬಲವಿದ್ದರೆ ಆರು. ಇರುವ ತಂತಿಗಳಲ್ಲಿ ಮಾತು ಮುಗಿದು ಇನ್ನೂ ಹೇಳುವುದು ಉಳಿದಾಗ ಜಾಕ್ಸನ್ನನು ಹೊಸ ತಂತಿಯನ್ನು ಬೇಡಿದನು. ಹೇಳುವುದು ಉಳಿದಿರದಿದ್ದರೆ ಆರಲ್ಲ, ಹನ್ನೆರಡು ತಂತಿ ಬಿಗಿದರೂ ಅವು ಬರಿಯ ತಂತಿಗಳೇ.